‘ಆಲು’ ಎಂದ ಮಗುವಿನ ಅಂಕ ಕಳೆಯಬೇಡಿ: ಶಾಲಾ ಶಿಕ್ಷಣ ಸಚಿವರಿಗೆ ಒಂದು ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಶಾಲಾ ಶಿಕ್ಷಣ ಮತ್ತು ಸಾಕ್ಷರತಾ ಇಲಾಖೆಯ ಮಾನ್ಯ ಸಚಿವರಿಗೆ, ಇಲಾಖೆಯ ಅಧಿಕಾರಿಗಳಿಗೆ ಹಾಗೂ ನಾಡಿನ ಕನ್ನಡ ಶಿಕ್ಷಕ ಬಂಧುಗಳಿಗೆ,

ಮಾನ್ಯರೇ,

ನಮ್ಮ ಶಾಲೆಗಳಲ್ಲಿ ಮಗುವೊಂದು ಎದ್ದು ನಿಂತು ಪಾಠವನ್ನು ಗಟ್ಟಿಯಾಗಿ ಓದುವಾಗ, ಅಥವಾ ಪ್ರತಿಭಾ ಕಾರಂಜಿಯ ವೇದಿಕೆಯಲ್ಲಿ ಪದ್ಯ ಹೇಳುವಾಗ, ಮನೆಯಿಂದ ತಂದ ಉಚ್ಚಾರವನ್ನು ದೋಷವೆಂದು ಎಣಿಸಿ ಅಂಕ ಕಳೆಯುವ, ಎಲ್ಲರೆದುರು ತಿದ್ದುವ, ಎಷ್ಟೋ ಸಲ ಅಣಕಿಸುವ ರೂಢಿಯೊಂದು ಬೇರೂರಿದೆ. ಇಲಾಖೆಯು ಲಿಖಿತ ಸೂಚನೆಯ ಮೂಲಕ ಈ ರೂಢಿಯನ್ನು ನಿಲ್ಲಿಸಬೇಕು ಎಂದು ಕೋರಿ ಈ ಪತ್ರವನ್ನು ಬರೆಯುತ್ತಿದ್ದೇನೆ. ನಾನು ಹಳೆ ಮೈಸೂರು ಸೀಮೆಯ ಪ್ರೌಢಶಾಲೆಗಳಲ್ಲಿ ಕನ್ನಡ ಕಲಿಸಿದವನು. ಕಾಗುಣಿತವನ್ನು ಸಡಿಲಿಸಿರೆಂದು ನಾನು ಕೇಳುತ್ತಿಲ್ಲ. ಮಗು ‘ಹಾಡು’ ಎಂದು ಬರೆಯಬೇಕಾದ ಕಡೆ ‘ಆಡು’ ಎಂದು ಬರೆದರೆ ಅದನ್ನು ತಿದ್ದಲೇಬೇಕು, ಏಕೆಂದರೆ ಬರವಣಿಗೆಯು ಬೀದರಿನಿಂದ ಚಾಮರಾಜನಗರದವರೆಗೆ ಎಲ್ಲರಿಗೂ ಸೇರಿದ ಒಪ್ಪಂದ. ಆದರೆ ಬಾಯಿಮಾತು ಅಂಥ ಒಪ್ಪಂದದಿಂದ ಹುಟ್ಟಿದ್ದಲ್ಲ. ಅದು ಎಲ್ಲಿಂದ ಬಂತೆಂಬುದನ್ನು ಅರಿಯದೆ ಅದಕ್ಕೆ ಶಿಕ್ಷೆ ಕೊಡುತ್ತಿದ್ದೇವೆ ಎಂಬುದೇ ನನ್ನ ದೂರು.

ಹೆಚ್ಚು ಬೈಗುಳ ತಿಂದಿರುವ ಹಕಾರದಿಂದಲೇ ತೊಡಗುತ್ತೇನೆ. ಮಂಡ್ಯ, ಮೈಸೂರು, ಚಾಮರಾಜನಗರ, ತುಮಕೂರು, ಚನ್ನಪಟ್ಟಣದ ಹಳ್ಳಿಗಳ ಮಕ್ಕಳು ಹಾಲನ್ನು ‘ಆಲು’ ಎನ್ನುತ್ತಾರೆ, ಹೂವನ್ನು ‘ಊವು’ ಎನ್ನುತ್ತಾರೆ, ಹೋಗುವುದನ್ನು ‘ಓಗೋದು’ ಎನ್ನುತ್ತಾರೆ. ಇದನ್ನು ನಾಲಿಗೆಯ ಸೋಮಾರಿತನವೆಂದು ತಿಳಿದವರು ಬಹಳ ಮಂದಿ. ಆದರೆ ಹಳಗನ್ನಡದಲ್ಲಿ ಈ ಪದಗಳಲ್ಲಿ ಹಕಾರವೇ ಇರಲಿಲ್ಲ. ಹಾಲು ಆಗ ‘ಪಾಲ್’ ಆಗಿತ್ತು, ಹೂವು ‘ಪೂ’ ಆಗಿತ್ತು, ಹುಲಿ ‘ಪುಲಿ’, ಹತ್ತು ‘ಪತ್ತು’, ಹೋಗು ‘ಪೋಗು’, ಹೆಸರು ‘ಪೆಸರ್’. ಸುಮಾರು 10ನೆಯ ಶತಮಾನದಿಂದ ತೊಡಗಿ ನಾಲ್ಕೈದು ಶತಮಾನಗಳ ಅವಧಿಯಲ್ಲಿ ಕನ್ನಡಿಗರ ಬಾಯಲ್ಲಿ ಪದದ ಮೊದಲಿನ ಪಕಾರ ಸಡಿಲವಾಯಿತು. ಮುಚ್ಚಿ ತೆರೆಯುತ್ತಿದ್ದ ತುಟಿಗಳು ಮುಚ್ಚುವುದನ್ನೇ ಬಿಟ್ಟವು, ಬರಿಯ ಉಸಿರು ಉಳಿಯಿತು, ಆ ಉಸಿರನ್ನೇ ನಾವಿಂದು ಹಕಾರವೆಂದು ಬರೆಯುತ್ತೇವೆ. ಪೊಯ್ಸಳರು ಹೊಯ್ಸಳರಾದದ್ದು, ಪಳ್ಳಿ ಹಳ್ಳಿಯಾದದ್ದು ಹೀಗೆಯೇ. ತಮಿಳು, ತೆಲುಗು, ತುಳುಗಳು ಈ ದಾರಿ ಹಿಡಿಯಲಿಲ್ಲವಾದ್ದರಿಂದ ಅಲ್ಲಿ ಇಂದಿಗೂ ಪಕಾರವಿದೆ: ತಮಿಳರ ಹತ್ತು ‘ಪತ್ತು’, ತೆಲುಗರ ಹುಲಿ ‘ಪುಲಿ’, ತುಳುವರ ಹುಲಿ ‘ಪಿಲಿ’.

ಮಂಡ್ಯದ ಮಗು ಮಾಡಿರುವುದು ಅದೇ ನಡೆಯ ಮುಂದಿನ ಹೆಜ್ಜೆ. ತುಟಿ ಬಿಟ್ಟುಕೊಟ್ಟ ಧ್ವನಿಯನ್ನು ಉಸಿರೂ ಬಿಟ್ಟುಕೊಟ್ಟಿದೆ, ಅಷ್ಟೆ. ಇದು ನಮ್ಮೊಬ್ಬರಲ್ಲೇ ನಡೆದದ್ದೂ ಅಲ್ಲ. ಲ್ಯಾಟಿನ್‌ನಲ್ಲಿ ಹಿಟ್ಟಿಗೆ ‘ಫರೀನಾ’ ಎನ್ನುತ್ತಿದ್ದರು. ಸ್ಪೇನಿನ ಬಾಯಲ್ಲಿ ಮೊದಲಿನ ಫಕಾರ ಹಕಾರವಾಯಿತು, ಬಳಿಕ ಆ ಹಕಾರವೂ ಹೋಯಿತು. ಇಂದು ಸ್ಪ್ಯಾನಿಷ್‌ನಲ್ಲಿ ಹಕಾರದ ಅಕ್ಷರವನ್ನು ಬರೆಯುತ್ತಾರೆ, ಆದರೆ ಓದುವಾಗ ‘ಅರೀನಾ’ ಎಂದೇ ಓದುತ್ತಾರೆ. ಅಲ್ಲಿ ಅದು ನಾಡಿನ ಶಿಷ್ಟ ಉಚ್ಚಾರ. ಇಲ್ಲಿ ಅದೇ ಬದಲಾವಣೆ ಒಕ್ಕಲು ಮಕ್ಕಳ ಅಂಕ ಕಳೆಯಲು ಕಾರಣ. ಧ್ವನಿಯಲ್ಲಿ ವ್ಯತ್ಯಾಸವಿಲ್ಲ, ಅದನ್ನು ಆಡುವವರ ಸ್ಥಾನದಲ್ಲಿ ವ್ಯತ್ಯಾಸವಿದೆ. ಬೆಂಗಳೂರಿನ ಅತ್ಯಂತ ಸುಶಿಕ್ಷಿತರೂ ಮಾರತ್ತಹಳ್ಳಿಯನ್ನು ‘ಮಾರತಳ್ಳಿ’ ಎನ್ನುತ್ತಾರೆ, ಆ ಹಕಾರ ಎಲ್ಲಿ ಹೋಯಿತೆಂದು ಅವರನ್ನು ಯಾರೂ ಕೇಳುವುದಿಲ್ಲ.

ಶಿಷ್ಟ ಕನ್ನಡವನ್ನು ಆಡುವವರು ಕಳೆದುಕೊಂಡ ಧ್ವನಿಗಳ ಮಾತನ್ನೂ ಇಲ್ಲಿ ಎತ್ತಬೇಕು. ಹಳಗನ್ನಡದಲ್ಲಿ ಳಕಾರದಿಂದ ಬೇರೆಯಾದ ‘ೞ’ ಎಂಬ ಧ್ವನಿಯಿತ್ತು. ಮಳೆ ‘ಮೞೆ’ ಆಗಿತ್ತು, ಏಳು ‘ಏೞ್’ ಆಗಿತ್ತು. ತಮಿಳರು, ಮಲಯಾಳಿಗಳು ಅದನ್ನು ಇಂದಿಗೂ ನುಡಿಯುತ್ತಾರೆ. 13ನೆಯ ಶತಮಾನದ ಕೇಶಿರಾಜನು ತನ್ನ ವ್ಯಾಕರಣದಲ್ಲಿ ಳಕಾರದ ರಳ (ಅಂದರೆ ಈ ‘ೞ’), ಕುಳ, ಕ್ಷಳ ಎಂಬ ಭೇದಗಳನ್ನು ವಿವರಿಸಿ, ಯಾವ ಪದಗಳಲ್ಲಿ ‘ೞ’ ಬರುತ್ತದೆಂದು ಪಟ್ಟಿ ಮಾಡಿ ಕೊಟ್ಟಿದ್ದಾನೆ. ಜನರ ಬಾಯಲ್ಲಿ ಭೇದ ನಿಚ್ಚಳವಾಗಿ ಉಳಿದಿದ್ದರೆ ಅಂಥ ಪಟ್ಟಿಯ ಅಗತ್ಯ ಬೀಳುತ್ತಿರಲಿಲ್ಲ ಎಂಬುದು ನನ್ನ ಅನಿಸಿಕೆ. ಇಂದು ತೀರ್ಪುಗಾರರ ಕುರ್ಚಿಯಲ್ಲಿ ಕುಳಿತು ಹಕಾರಕ್ಕೆ ಅಂಕ ಕಳೆಯುವವರು ‘ಮಳೆ’, ‘ಬಾಳೆ’, ‘ಏಳು’ ಎಂದಾಗಲೆಲ್ಲ ಕೇಶಿರಾಜನ ಕಣ್ಣಿಗೆ ತಪ್ಪನ್ನೇ ಆಡುತ್ತಿದ್ದಾರೆ. ಅವರನ್ನು ಯಾರೂ ದೂರಬೇಕಾಗಿಲ್ಲ, ಭಾಷೆ ನಡೆಯುವ ರೀತಿಯೇ ಅದು. ಅದೇ ಔದಾರ್ಯವು ಮಗುವಿಗೂ ಸಲ್ಲಬೇಕು.

ಮಹಾಪ್ರಾಣಗಳ ವಿಷಯವೂ ಹೆಚ್ಚುಕಡಿಮೆ ಹೀಗೆಯೇ. ಅಚ್ಚಗನ್ನಡ ಪದಗಳಲ್ಲಿ ಮಹಾಪ್ರಾಣ ತೀರ ವಿರಳ. ಸಂಸ್ಕೃತದಿಂದ, ಪ್ರಾಕೃತದಿಂದ, ಆಮೇಲೆ ಹಿಂದೂಸ್ತಾನಿಯಿಂದ ಬಂದ ಪದಗಳೊಡನೆ ಅದು ಬಂತು. ಬಹುಪಾಲು ಕನ್ನಡಿಗರು ಸಹಜವಾಗಿ ಮಾತನಾಡುವಾಗ ‘ದರ್ಮ’, ‘ಬಾಷೆ’ ಎಂದೇ ಅನ್ನುತ್ತಾರೆ. ಭಾಷಾವಿಜ್ಞಾನಿ ಡಿ. ಎನ್. ಶಂಕರ ಭಟ್ಟರು ಬರವಣಿಗೆಯಿಂದಲೂ ಮಹಾಪ್ರಾಣವನ್ನು ಬಿಡಬಹುದೆಂದು ವಾದಿಸಿದ್ದರು. ನಾನು ಅಷ್ಟು ದೂರ ಹೋಗಲಾರೆ; ಬರವಣಿಗೆಯಲ್ಲಿ ಅವು ಇರಲಿ ಎಂಬುದೇ ನನ್ನ ಮತ. ಆದರೆ ಮಗುವೊಂದು ‘ಬಾರತ’ ಎಂದ ಮಾತ್ರಕ್ಕೆ ಅದರ ಬುದ್ಧಿಯನ್ನೋ ಮನೆಯ ಸಂಸ್ಕಾರವನ್ನೋ ಅಳೆಯುವುದು ಅನ್ಯಾಯ.

ಕನ್ನಡ ಒಂದೇ ಬಗೆಯಲ್ಲಿ ಇತ್ತು, ಹಳ್ಳಿಗರು ಅದನ್ನು ಕೆಡಿಸಿದರು ಎಂಬ ಭಾವನೆಯೂ ಇದೆ. ನಮಗೆ ದೊರೆತ ಮೊದಲ ಗ್ರಂಥವೇ ಅದನ್ನು ಅಲ್ಲಗಳೆಯುತ್ತದೆ. 9ನೆಯ ಶತಮಾನದ ಕವಿರಾಜಮಾರ್ಗವು ‘ಕನ್ನಡಂಗಳ್’ ಎಂದು ಬಹುವಚನದಲ್ಲೇ ಹೇಳಿ, ದೇಸಿಗಳು ಬೇರೆ ಬೇರೆಯಾಗಿರುವುದರಿಂದ ಅವುಗಳ ದೋಷ ಇಷ್ಟೆಂದು ತಿಳಿಯಲು ಸರ್ಪರಾಜ ವಾಸುಕಿಗೂ ಆಗದೆ ಬೇಸರ ಬಂದೀತು ಎನ್ನುತ್ತದೆ. ಅದೇ ಗ್ರಂಥ ಕನ್ನಡದ ತಿರುಳು ಇರುವ ಸೀಮೆಯನ್ನು ಗುರುತಿಸಿದಾಗ ಹೆಸರಿಸಿದ್ದು ಕಿಸುವೊಳಲ್, ಕೊಪಣ, ಪುಲಿಗೆರೆ, ಒಂಕುಂದಗಳನ್ನು. ಅಂದರೆ ಇಂದಿನ ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರ ಮತ್ತು ಬೆಳಗಾವಿ ಜಿಲ್ಲೆಯ ಒಕ್ಕುಂದ. ಪಂಪನೂ 941ರಲ್ಲಿ ತನ್ನ ಕಾವ್ಯದ ಭಾಷೆ ಪುಲಿಗೆರೆಯ ತಿರುಳ್ಗನ್ನಡ ಎಂದು ಹೆಮ್ಮೆಯಿಂದ ಹೇಳಿಕೊಂಡ. ಅಂದು ಅರಸೊತ್ತಿಗೆ ಅತ್ತ ಇತ್ತು, ಆದ್ದರಿಂದ ತಿರುಳೂ ಅತ್ತ ಇತ್ತು. ಇಂದು ರಾಜಧಾನಿ, ಸುದ್ದಿವಾಹಿನಿ, ಚಿತ್ರೋದ್ಯಮಗಳು ಬೆಂಗಳೂರಿನಲ್ಲಿವೆ. ಲಕ್ಷ್ಮೇಶ್ವರದ ಹುಡುಗ ‘ಮನಿ’ ಎಂದರೆ, ‘ಮನ್ಯಾಗ’ ಎಂದರೆ ಕಿರುತೆರೆಯಲ್ಲಿ ನಗೆಯ ಪಾತ್ರವಾಗುತ್ತಾನೆ. ‘ಮನೆಯೊಳಗೆ’ ಎಂಬುದೇ ಆಡುತ್ತಾ ಆಡುತ್ತಾ ‘ಮನ್ಯಾಗ’ ಆಯಿತೆಂದು ಅವನಿಗೆ ತಿಳಿಸಿ ಹೇಳುವ ಪಾಠ ನಮ್ಮ ಪಠ್ಯಪುಸ್ತಕದಲ್ಲಿ ಇರಬೇಕಿತ್ತು.

ಆ ಸೀಮೆಯ ಮಾತಿನ ಬಗ್ಗೆ ಇನ್ನೊಂದು ಸಂಗತಿಯನ್ನು ನೆನೆಯದೆ ಮುಂದೆ ಹೋಗಲಾರೆ. ಮುಂಬಯಿ ಆಡಳಿತದಲ್ಲಿದ್ದ ಕನ್ನಡ ಜಿಲ್ಲೆಗಳಲ್ಲಿ 19ನೆಯ ಶತಮಾನದಲ್ಲಿ ಶಾಲೆಯ ಭಾಷೆ ಮರಾಠಿಯಾಗಿತ್ತು. ಕನ್ನಡ ಶಾಲೆಗಳಿಗಾಗಿ ಡೆಪ್ಯುಟಿ ಚೆನ್ನಬಸಪ್ಪನವರಂಥವರು ದುಡಿಯಬೇಕಾಯಿತು. ನಿಜಾಮರ ಆಳ್ವಿಕೆಯಲ್ಲಿದ್ದ ಕಲಬುರಗಿ, ಬೀದರ, ರಾಯಚೂರುಗಳಲ್ಲಿ ಆಡಳಿತದ ಭಾಷೆ ಉರ್ದುವಾಗಿತ್ತು. 1956ರ ನವೆಂಬರ್ 1ರಂದು ಈ ಎಲ್ಲ ಭಾಗಗಳು ಒಂದೇ ರಾಜ್ಯವಾಗುವ ಮುನ್ನ, ಕಚೇರಿಯೂ ಶಾಲೆಯೂ ಕೈಬಿಟ್ಟಿದ್ದ ತಲೆಮಾರುಗಳಲ್ಲಿ, ಕನ್ನಡವನ್ನು ಹೊಲದಲ್ಲಿ, ಜಾತ್ರೆಯಲ್ಲಿ, ಮಠದ ಅಂಗಳದಲ್ಲಿ, ಸೋಬಾನೆ ಪದದಲ್ಲಿ ಬದುಕಿಸಿಟ್ಟದ್ದು ಈ ಮನೆಮಾತೇ. ಕಲಬುರಗಿಯವರ ಮಾತಿನಲ್ಲಿ ದಖ್ಖನಿ ಉರ್ದುವಿನ ಲಯ, ಬೆಳಗಾವಿಯವರ ಮಾತಿನಲ್ಲಿ ಮರಾಠಿಯ ಎಳೆ ಕೇಳಿಬಂದರೆ ಅದು ಅವರು ಯಾರ ನೆರೆಯಲ್ಲಿ ಬಾಳಿದರು, ಯಾರ ಆಳ್ವಿಕೆಯನ್ನು ದಾಟಿ ಬಂದರು ಎಂಬುದರ ಗುರುತು. ಅಂಥ ಮಾತನ್ನು ಅಶುದ್ಧವೆನ್ನಲು ಏಕೀಕರಣದ ಫಲವುಂಡ ನಮಗೆ ಯಾವ ಹಕ್ಕೂ ಇಲ್ಲ.

ಕರಾವಳಿಯ ಮಾತು ಬೇರೆಯದೇ ರೀತಿಯಲ್ಲಿ ರೂಪುಗೊಂಡಿದೆ. ಮಂಗಳೂರಿನ ಕಡೆಯವರು ಪುಸ್ತಕದ ಹಾಗೆ ಮಾತನಾಡುತ್ತಾರೆ ಎಂಬ ಮಾತಿದೆಯಷ್ಟೆ. ಅವರಲ್ಲಿ ಬಹಳ ಮಂದಿಗೆ ಮನೆಯ ಭಾಷೆ ತುಳು, ಕೊಂಕಣಿ ಅಥವಾ ಬ್ಯಾರಿ. ಕನ್ನಡ ಅವರಿಗೆ ಶಾಲೆಯಿಂದ, ಯಕ್ಷಗಾನದಿಂದ, ಪತ್ರಿಕೆಯಿಂದ ಬಂತು. ಆದುದರಿಂದ ‘ಹೋಗುತ್ತೇನೆ’ ಎಂಬುದು ಸವೆಯದೆ ಉಳಿಯಿತು, ರಾಗ ಮಾತ್ರ ತುಳುವಿನದಾಯಿತು. ಅದೇ ಜಿಲ್ಲೆಯ ಹವ್ಯಕರ ಮನೆಗಳಲ್ಲಿ ‘ನಾನು’ ಎಂಬುದಕ್ಕೆ ‘ಆನು’ ಎನ್ನುತ್ತಾರೆ, ‘ನನಗೆ’ ಎಂಬುದಕ್ಕೆ ‘ಎನಗೆ’ ಎನ್ನುತ್ತಾರೆ. ಇವು ಹಳಗನ್ನಡ ಕಾವ್ಯಗಳಲ್ಲಿ ಕಾಣುವ ‘ಆನ್’, ‘ಎನಗೆ’ ರೂಪಗಳೇ. ಪಂಪನನ್ನು ಓದಲು ನಿಘಂಟು ಹಿಡಿಯುವ ನಾವು, ಆ ರೂಪವನ್ನು ದಿನವೂ ಆಡುವ ಮಗುವಿಗೆ ‘ಸರಿಯಾಗಿ ಮಾತಾಡು’ ಎನ್ನುತ್ತೇವೆ.

ಮಗು ಈ ಧಾಟಿಯನ್ನು ಯಾವಾಗ ಕಲಿಯುತ್ತದೆ ಎಂಬುದೂ ಶಿಕ್ಷಕರಿಗೆ ತಿಳಿದಿರಬೇಕು. 2009ರಲ್ಲಿ ಕ್ಯಾಥ್ಲೀನ್ ವೆರ್ಮ್ಕೆ ಮತ್ತವರ ಸಂಗಡಿಗರು ಹುಟ್ಟಿ ಕೆಲವೇ ದಿನಗಳಾದ ಫ್ರೆಂಚ್ ಮತ್ತು ಜರ್ಮನ್ ಕೂಸುಗಳ ಅಳುವನ್ನು ಧ್ವನಿಮುದ್ರಿಸಿ ನೋಡಿದಾಗ, ಫ್ರೆಂಚ್ ಕೂಸುಗಳ ಅಳು ಹೆಚ್ಚಾಗಿ ಏರುತ್ತಲೂ ಜರ್ಮನ್ ಕೂಸುಗಳ ಅಳು ಹೆಚ್ಚಾಗಿ ಇಳಿಯುತ್ತಲೂ ಇತ್ತು. ಆಯಾ ಭಾಷೆಯ ಏರಿಳಿತಕ್ಕೆ ತಕ್ಕ ಹಾಗೆ. ತಾಯಿಯ ಮಾತಿನ ರಾಗ ಗರ್ಭದಲ್ಲಿಯೇ ಕಿವಿಗೆ ಬಿದ್ದಿರುತ್ತದೆ. ಕೆನಡಾದ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ಪ್ರಕಟಿಸಿದ ಪ್ರಯೋಗ ನಮಗೆ ಇನ್ನೂ ಹತ್ತಿರದ್ದು. ಹಿಂದಿಯ ಟಕಾರ ಮತ್ತು ತಕಾರಗಳ ಭೇದವನ್ನು, ಕನ್ನಡಿಗರಿಗೂ ಸಹಜವಾದ ಭೇದವನ್ನು, ಇಂಗ್ಲಿಷ್ ಮನೆಗಳ ಆರೆಂಟು ತಿಂಗಳ ಕೂಸುಗಳು ಗುರುತಿಸಿದವು. ಹತ್ತು ಹನ್ನೆರಡು ತಿಂಗಳ ವೇಳೆಗೆ ಆ ಶಕ್ತಿ ಬಹುಮಟ್ಟಿಗೆ ಹೋಗಿತ್ತು. ತನ್ನವರು ಬಳಸುವ ಭೇದಗಳನ್ನು ಚೂಪಾಗಿಸಿಕೊಂಡು, ಬಳಸದವನ್ನು ಕಿವಿ ಬಿಟ್ಟುಬಿಡುತ್ತದೆ. ಹೀಗಿರುವಾಗ ಆರನೆಯ ವಯಸ್ಸಿಗೆ ಒಂದನೆಯ ತರಗತಿಗೆ ಬರುವ ಮಗು ತನ್ನ ಉಚ್ಚಾರವನ್ನು ಆಯ್ದುಕೊಂಡು ತಂದಿದೆ ಎಂಬಂತೆ ಅದನ್ನು ಬೈಯುವುದು, ಅದರ ತಾಯಿ ಲಾಲಿ ಹಾಡಿದ್ದಕ್ಕೆ ಅದನ್ನು ಬೈದಂತೆ.

ಉಚ್ಚಾರವು ನಮ್ಮ ಬಗ್ಗೆ ಏನು ಹೇಳುತ್ತದೆ? ನಾವು ಎಲ್ಲಿ, ಯಾರ ನಡುವೆ ಬೆಳೆದೆವೆಂಬುದನ್ನು ಬಹಳ ನಂಬಿಕೆಯಿಂದ ಹೇಳುತ್ತದೆ. ನಮ್ಮ ಬುದ್ಧಿ, ಶ್ರಮ, ಪ್ರಾಮಾಣಿಕತೆಗಳ ಬಗ್ಗೆ ಏನನ್ನೂ ಹೇಳುವುದಿಲ್ಲ. ಕೇಳುವವರು ಮಾತ್ರ ಎರಡನ್ನೂ ಬೆರೆಸುತ್ತಾರೆ. 1960ರ ದಶಕದಲ್ಲಿ ಅಮೆರಿಕದ ಭಾಷಾವಿಜ್ಞಾನಿ ವಿಲಿಯಂ ಲಬೋವ್ ನ್ಯೂಯಾರ್ಕಿನ ಮೂರು ದೊಡ್ಡ ಅಂಗಡಿಗಳ ನೌಕರರ ಮಾತನ್ನು ಆಲಿಸಿ, ಸ್ವರದ ಬಳಿಕ ಬರುವ ರಕಾರವನ್ನು ನುಡಿಯುವುದು ಸಿರಿವಂತರ ಅಂಗಡಿಯಲ್ಲಿ ಹೆಚ್ಚು, ಅಗ್ಗದ ಅಂಗಡಿಯಲ್ಲಿ ಕಡಿಮೆ ಎಂದು ತೋರಿಸಿದರು. ಇಂಗ್ಲೆಂಡಿನಲ್ಲಾದರೋ ಅದೇ ರಕಾರವನ್ನು ನುಡಿಯದಿರುವುದೇ ಕುಲೀನ ಉಚ್ಚಾರ. ಧ್ವನಿಗೆ ತನ್ನದೇ ಆದ ಮೇಲುಕೀಳು ಇದ್ದಿದ್ದರೆ ಹೀಗಾಗುತ್ತಿರಲಿಲ್ಲ. ಹೆಚ್ಚುಕಡಿಮೆ ಅದೇ ಕಾಲದಲ್ಲಿ ಭಾಷಾವಿಜ್ಞಾನಿಗಳಾದ ವಿಲಿಯಂ ಬ್ರೈಟ್ ಮತ್ತು ಎ. ಕೆ. ರಾಮಾನುಜನ್ ನಮ್ಮ ಭಾಷೆಗಳಲ್ಲಿ ಜಾತಿಯ ಗೆರೆ ಹೇಗೆ ಮಾತಿನೊಳಗೆ ಓಡುತ್ತದೆಂದು ಬರೆದರು. ಬೆಂಗಳೂರು ಸೀಮೆಯಲ್ಲಿ ‘ಹಾಲು’ ಮತ್ತು ‘ಆಲು’ಗಳ ನಡುವೆ ಇದ್ದದ್ದು ಆ ಗೆರೆಯೇ. ಈ ಮಾತನ್ನು ಹೇಳಲು ನಮಗೆ ಸಂಕೋಚ. ಆದರೆ ಹಕಾರದ ಹೆಸರಿನಲ್ಲಿ ತರಗತಿಯಲ್ಲಿ ಕೇಳುವ ಗದರಿಕೆ ಯಾವ ಮನೆಗಳ ಮಕ್ಕಳ ಮೇಲೆ ಬೀಳುತ್ತದೆಂದು ಕಣ್ತೆರೆದು ನೋಡಿದ ಪ್ರತಿ ಶಿಕ್ಷಕನಿಗೂ ಇದು ಗೊತ್ತು.

ಆ ಗದರಿಕೆಯ ಫಲವನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ನನ್ನ ತರಗತಿಯ ಹುಡುಗಿಯೊಬ್ಬಳು ಭಾಷಣ ಸ್ಪರ್ಧೆಯೊಂದರಲ್ಲಿ ತಾನೇ ಬರೆದುಕೊಂಡು ಬಂದದ್ದನ್ನು ನೋಡದೆ, ತಡವರಿಸದೆ ಹೇಳಿದಳು. ವಿಷಯ ಕೆರೆಗಳ ಹೂಳಿನದು. ಅವಳ ಊರಿನ ಕೆರೆಯ ತೂಬು, ಕೋಡಿ, ಅಚ್ಚುಕಟ್ಟು ಎಲ್ಲ ಅದರಲ್ಲಿತ್ತು. ತೀರ್ಪುಗಾರರೊಬ್ಬರು ಮೈಕಿನಲ್ಲಿಯೇ ‘ಮೊದಲು ಹಕಾರ ಕಲಿತು ಬಾ ತಾಯಿ’ ಎಂದರು, ಸಭೆ ನಕ್ಕಿತು. ಮುಂದಿನ ವಾರದಿಂದ ಅವಳು ಗಟ್ಟಿಯಾಗಿ ಓದಲು ಏಳಲಿಲ್ಲ. ಬಲವಂತಪಡಿಸಿದಾಗ ಎದ್ದು, ಇಲ್ಲದ ಕಡೆಯೆಲ್ಲ ಹಕಾರ ಸೇರಿಸಿ ‘ಹಾನೆ’, ‘ಹರಮನೆ’ ಎಂದು ಓದಿದಳು. ಅಂಜಿಕೆಯಿಂದ ಹುಟ್ಟುವ ಈ ಅತಿತಿದ್ದುಪಡಿ ಭಾಷಾವಿಜ್ಞಾನದಲ್ಲಿ ಎಲ್ಲರೂ ಬಲ್ಲ ಸಂಗತಿ: ಎಲ್ಲಿ ಹಕಾರ ಬೇಕೆಂದು ಕಿವಿ ಹೇಳದಿರುವಾಗ, ಬಿಟ್ಟರೆ ಬೈಗುಳವೆಂದು ಹೆದರಿದ ಬಾಯಿ ಎಲ್ಲ ಕಡೆಯೂ ಸೇರಿಸುತ್ತದೆ. ‘ಆದರದ ಸ್ವಾಗತ’ವನ್ನು ಹಕಾರ ಸೇರಿಸಿ ಹೇಳಿಬಿಟ್ಟ ಭಾಷಣಕಾರನ ನಗೆಹನಿ ನಾಡಿನಲ್ಲಿ ಎಲ್ಲರಿಗೂ ಗೊತ್ತು, ಅವನ ನಾಲಿಗೆಗೆ ಆ ಅಂಜಿಕೆಯನ್ನು ಕಲಿಸಿದವರು ಯಾರೆಂದು ಕೇಳಿದವರು ಕಡಿಮೆ.

ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣ ಹಕ್ಕು ಕಾಯ್ದೆ, 2009ರ 17ನೆಯ ಸೆಕ್ಷನ್ ದೈಹಿಕ ಶಿಕ್ಷೆಯನ್ನಷ್ಟೇ ಅಲ್ಲದೆ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. 29ನೆಯ ಸೆಕ್ಷನ್ ಮಗುವನ್ನು ಭಯ ಮತ್ತು ಆತಂಕಗಳಿಂದ ಮುಕ್ತಗೊಳಿಸಿ ತನ್ನ ಅನಿಸಿಕೆಯನ್ನು ನಿರ್ಭಯವಾಗಿ ಹೇಳಲು ನೆರವಾಗಬೇಕೆನ್ನುತ್ತದೆ. ಮನೆಮಾತನ್ನು ಎಲ್ಲರೆದುರು ಅಣಕಿಸುವುದು ಇವೆರಡಕ್ಕೂ ವಿರುದ್ಧ ಎಂಬುದು ನನ್ನ ದೃಢವಾದ ತಿಳಿವಳಿಕೆ. ಧಾರವಾಡದ ಮನೆಮಾತಿನಲ್ಲಿ ಹಾಡಿದ ಬೇಂದ್ರೆಯವರಿಗೆ 1973ರಲ್ಲಿ ಜ್ಞಾನಪೀಠ ಬಂದಾಗ, ನಂಜನಗೂಡು ಸೀಮೆಯ ಆಡುಮಾತಿನಲ್ಲಿ ಬರೆದ ದೇವನೂರ ಮಹಾದೇವರ ಕೃತಿಗೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಮನ್ನಣೆ ಸಿಕ್ಕಾಗ ನಾಡು ಸಂಭ್ರಮಿಸಿತು. ಅಚ್ಚಿನಲ್ಲಿ ಪ್ರಶಸ್ತಿ ಪಡೆದ ಮಾತು ತರಗತಿಯಲ್ಲಿ ಅಂಕ ಕಳೆದುಕೊಳ್ಳಬಾರದು.

ಆದ್ದರಿಂದ ನನ್ನ ಬೇಡಿಕೆಗಳು ಇವು. ಗಟ್ಟಿ ಓದಿನ ಮೌಲ್ಯಮಾಪನದಲ್ಲಿಯೂ ಪ್ರತಿಭಾ ಕಾರಂಜಿಯ ತೀರ್ಪಿನಲ್ಲಿಯೂ ಸ್ಪಷ್ಟತೆ, ಅರ್ಥಗ್ರಹಣ, ಭಾವಗಳಿಗೆ ಅಂಕವಿರಲಿ, ಪ್ರಾದೇಶಿಕ ಉಚ್ಚಾರಕ್ಕಾಗಿ ಅಂಕ ಕಳೆಯಬಾರದೆಂಬ ಸ್ಪಷ್ಟ ಸೂಚನೆ ಹೊರಡಲಿ. ಡಿ.ಎಲ್.ಇಡಿ. ಮತ್ತು ಬಿ.ಇಡಿ. ತರಬೇತಿಯಲ್ಲಿ ಕನ್ನಡದ ಧ್ವನಿಗಳ ಚರಿತ್ರೆ ಮತ್ತು ಉಪಭಾಷೆಗಳ ಬಗ್ಗೆ ಒಂದು ಘಟಕ ಸೇರಲಿ. ‘ಪ’ ‘ಹ’ ಆದದ್ದನ್ನು ಹಳಗನ್ನಡ ಪಾಠದಲ್ಲಿ ನಿಯಮವಾಗಿ ಬಾಯಿಪಾಠ ಮಾಡಿಸುವ ನಾವು, ಅದೇ ಧ್ವನಿಯ ಮುಂದಿನ ನಡೆ ಎದುರಿನ ಬೆಂಚಿನಲ್ಲೇ ಕುಳಿತಿದೆ ಎಂದು ಶಿಕ್ಷಕನಿಗೆ ತೋರಿಸಿಕೊಡುವುದಿಲ್ಲ. ಈ ಚರಿತ್ರೆ ಕಾಗುಣಿತ ಕಲಿಸಲೂ ಒದಗುತ್ತದೆ. ಕೊಳ್ಳೇಗಾಲದಲ್ಲೋ ಕೋಲಾರದಲ್ಲೋ ತಮಿಳು, ತೆಲುಗು ಬಲ್ಲ ಮಗುವಿಗೆ ‘ಅಲ್ಲಿ ಪಕಾರ ಕೇಳಿದರೆ ಇಲ್ಲಿ ಹಕಾರ ಬರೆ’ ಎಂದು ಹೇಳಿಕೊಟ್ಟರೆ ಹಾಲು, ಹುಲಿ, ಹಲ್ಲು, ಹತ್ತು ಮುಂತಾದ ಎಷ್ಟೋ ಪದಗಳು ಒಂದೇ ದಿನ ಸರಿಯಾಗುತ್ತವೆ. ನಾನು ಹೀಗೆಯೇ ಕಲಿಸಿದ್ದೇನೆ, ಗದರದೆ ಕಲಿಸಿದ್ದೇನೆ. 1995ರಲ್ಲಿ ನಲಿ-ಕಲಿ ಪದ್ಧತಿ ಮೊಳೆತದ್ದು ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಹಕಾರವಿಲ್ಲದ ಮಾತನಾಡುವ ಮಕ್ಕಳ ನಡುವೆ. ಹೊಸದನ್ನು ನಮ್ಮ ಹಳ್ಳಿಶಾಲೆಗಳಿಂದ ಆರಂಭಿಸಬಲ್ಲೆವೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಪಠ್ಯಪುಸ್ತಕಗಳ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ‘ದೀಕ್ಷಾ’ ಎಂಬ ಸರ್ಕಾರಿ ಕಲಿಕಾ ಜಾಲತಾಣದಲ್ಲಿ ಕೇಳಿಬರುವ ಪಾಠಗಳು ಒಂದೇ ಸೀಮೆಯ ಧ್ವನಿಯಲ್ಲಿ ಇರದಿರಲಿ. ಕುಂದಾಪುರದ, ಬಳ್ಳಾರಿಯ, ವಿಜಯಪುರದ, ಮಳವಳ್ಳಿಯ ಶಿಕ್ಷಕರೂ ಅಲ್ಲಿ ಓದಲಿ. ಕೊನೆಯದಾಗಿ, ಮಕ್ಕಳ ಓದನ್ನು ಆಲಿಸಿ ಅಂಕ ಕೊಡುವ ತಂತ್ರಾಂಶಗಳು ಶಾಲೆಯ ಬಾಗಿಲಿಗೆ ಬರುತ್ತಿರುವ ಈ ಹೊತ್ತಿನಲ್ಲಿ ಎಚ್ಚರ ಬೇಕು. 2020ರಲ್ಲಿ ಅಮೆರಿಕದಲ್ಲಿ ಐದು ದೊಡ್ಡ ಕಂಪನಿಗಳ ಮಾತು ಗುರುತಿಸುವ ವ್ಯವಸ್ಥೆಗಳನ್ನು ಪರೀಕ್ಷಿಸಿದಾಗ, ಬಿಳಿಯರ ಮಾತಿನಲ್ಲಿ ಸರಾಸರಿ ನೂರಕ್ಕೆ 19 ಪದಗಳು ತಪ್ಪಿದರೆ ಕಪ್ಪು ಜನರ ಮಾತಿನಲ್ಲಿ 35 ತಪ್ಪಿದ್ದವು. ಯಂತ್ರವು ಯಾರ ಧ್ವನಿಯನ್ನು ಕೇಳಿ ಕಲಿತಿದೆಯೋ ಅವರನ್ನೇ ಚೆನ್ನಾಗಿ ತಿಳಿಯುತ್ತದೆ. ಇಲಾಖೆಯು ಅಂಥ ಯಾವುದೇ ತಂತ್ರಾಂಶವನ್ನು ಕೊಳ್ಳುವ ಮುನ್ನ ಎಲ್ಲ ಜಿಲ್ಲೆಗಳ ಸರ್ಕಾರಿ ಶಾಲೆಗಳ ಮಕ್ಕಳ ಧ್ವನಿಯಲ್ಲಿ ಅದನ್ನು ಪರೀಕ್ಷಿಸಬೇಕು, ಜಿಲ್ಲಾವಾರು ಫಲಿತಾಂಶವನ್ನು ಸಾರ್ವಜನಿಕರ ಮುಂದಿಡಬೇಕು, ಮತ್ತು ಯಾವ ಜಿಲ್ಲೆಯ ಮಕ್ಕಳ ಮಾತು ಅದಕ್ಕೆ ತಿಳಿಯುವುದಿಲ್ಲವೋ ಆ ಜಿಲ್ಲೆಯಲ್ಲಿ ಅದರ ಅಂಕವನ್ನು ಯಾವ ಮಗುವಿನ ಹೆಸರಿನ ಮುಂದೆಯೂ ಬರೆಯಬಾರದು.

ಈ ಸೂಚನೆಗಳು ಮುಂದಿನ ಶೈಕ್ಷಣಿಕ ವರ್ಷದ ಆರಂಭಕ್ಕೆ ಮುನ್ನ ಶಾಲೆಗಳನ್ನು ತಲುಪುವಂತೆ ತಾವು ಕ್ರಮ ಕೈಗೊಳ್ಳಬೇಕೆಂದು ಗೌರವಪೂರ್ವಕವಾಗಿ ಕೋರುತ್ತೇನೆ.

ವಂದನೆಗಳೊಂದಿಗೆ,
ತಮ್ಮ ವಿಶ್ವಾಸಿ,
ಹಳೆ ಮೈಸೂರು ಸೀಮೆಯ ಒಬ್ಬ ಕನ್ನಡ ಶಿಕ್ಷಕ